ಎರಡನೇ ಬಾಟಲಿ

ಮೂರನೆಯದೂ ಸತ್ತಿತ್ತು.

ಚಮಚದಲ್ಲಿ ಎತ್ತಲೋ ಕೈಯಲ್ಲೇ ಎತ್ತಲೋ ಎಂದು ಅವಳು ಗಾಜಿನ ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತಳು. ಹೋದ ಸಲ ಚಮಚ ಗಾಜಿಗೆ ತಾಗಿ ಠಣ್ ಎಂದಿತ್ತು. ಕೈಯನ್ನೇ ಇಳಿಸಿದಳು. ಹೆಬ್ಬೆರಳಿನಷ್ಟು ಉದ್ದದ ಹಳದಿ ಮೀನು. ಗುರುವಾರ ಸಂಜೆ ಅಂಗಡಿಯಿಂದ ಬರುವಾಗ ಪ್ಲಾಸ್ಟಿಕ್ ಚೀಲದ ಮೂಲೆ ಮೂಲೆಗೂ ಮೂತಿ ಗುದ್ದುತ್ತ ಬಂದಿತ್ತು. ಶುಕ್ರವಾರ ನೀರಿನ ಮೇಲಂಚಿಗೆ ಬಂದು ಬಾಯಿ ಆಡಿಸುತ್ತಿತ್ತು. ಶನಿವಾರ ಬೆಳಿಗ್ಗೆ ಅವಳ ಅಂಗೈಗೆ ಒದ್ದೆಯಾದ ಬಸ್ ಟಿಕೇಟಿನ ಹಾಗೆ ಅಂಟಿಕೊಂಡಿತ್ತು.

ತೊಟ್ಟಿಯ ಹಳೆಯ ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟೆಗಳದ್ದು, ಕಲ್ಲಿನ ಸಂದಿಯಿಂದ ಹೊರಬಂದು ಎಂದಿನ ಜಾಗದಲ್ಲಿ ತಿಂಡಿಗೆ ಕಾಯುತ್ತಿತ್ತು. ಆರು ವರ್ಷದಿಂದ ಅದು ಇದೇ ನೀರಿನಲ್ಲಿದೆ. ಹೊಸಬರು ಬಂದದ್ದಾಗಲಿ ಹೋದದ್ದಾಗಲಿ ಅದರ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಸತ್ತದ್ದನ್ನು ಸುತ್ತಲು ಹಳೆಯ ಪೇಪರಿನ ಹಾಳೆ ತೆಗೆದುಕೊಂಡಳು. ಸರಸರ ಎನ್ನಬಾರದೆಂದು ಮೊದಲು ಹಾಳೆಯನ್ನು ನಲ್ಲಿಯ ಕೆಳಗೆ ಹಿಡಿದು ನೆನೆಸಿದಳು. ಈ ಮನೆಯಲ್ಲಿ ಇಪ್ಪತ್ತಾರು ವರ್ಷ ಇದ್ದವರಿಗೆ ಮಾತ್ರ ಬರುವ ಜಾಣತನ ಅದು.

ಅವಳ ಗಂಡ ಜನರ ಕಿವಿ ಪರೀಕ್ಷೆ ಮಾಡುವವನು. ದಿನವಿಡೀ ಹೊರಗಿನ ಸದ್ದು ನುಗ್ಗದ ಕೋಣೆಯೊಂದರಲ್ಲಿ ಕೂತು, ಬಂದವರ ಕಿವಿಗೆ ಸಣ್ಣ ಸಣ್ಣ ಸದ್ದು ಬಿಟ್ಟು, ಈಗ ಕೇಳಿಸಿತೇ, ಈಗ ಕೇಳಿಸಿತೇ ಎಂದು ಕೇಳುವುದು ಅವನ ಕೆಲಸ. ಮನೆಗೆ ಬಂದರೆ ಅವನ ಕಿವಿಗೆ ವಿಶ್ರಾಂತಿ ಬೇಕು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಬೈದವನಲ್ಲ, ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ಏನಾದರೂ ಸದ್ದಾದರೆ ಒಳಗಿನಿಂದ ಒಂದೇ ಮಾತು ಬರುತ್ತಿತ್ತು.

"ಸ್ವಲ್ಪ."

ಮದುವೆಯಾದ ಹೊಸತರಲ್ಲಿ ಅದು 'ಸ್ವಲ್ಪ ಮೆತ್ತಗೆ' ಎಂದಿತ್ತು. ವರ್ಷ ತುಂಬುವುದರೊಳಗೆ ಮೆತ್ತಗೆ ಉದುರಿಹೋಯಿತು. ಉಳಿದ ಆ ಒಂದು ಮಾತಿನ ಮೇಲೆ ಸಂಸಾರ ನಡೆದು ಬಂದಿತ್ತು. ಸ್ಟೀಲಿನ ತಟ್ಟೆಗಳು ಹೋಗಿ ಪ್ಲಾಸ್ಟಿಕ್ಕಿನವು ಬಂದವು. ಕುಕ್ಕರ್ ಅಟ್ಟ ಹತ್ತಿತು. ಕುರ್ಚಿಯ ಕಾಲುಗಳಿಗೆ ಮಗನ ಹಳೆಯ ಕಾಲುಚೀಲ ತೊಡಿಸಿದಳು. ಈ ಮನೆಯ ಫೋನುಗಳು ಬಡಿದುಕೊಳ್ಳುವುದಿಲ್ಲ, ಮಡಿಸಿದ ಟವೆಲಿನ ಮೇಲೆ ಮಲಗಿ ನಡುಗುತ್ತವೆ. ಮೀನು ಸಾಕುವ ಆಸೆಯೂ ಅವನದೇ. ನಾಯಿ ಬೊಗಳುತ್ತದೆ, ಗಿಳಿ ಕಿರುಚುತ್ತದೆ. ಮೀನಿನಷ್ಟು ಸಭ್ಯ ಪ್ರಾಣಿ ಇನ್ನೊಂದಿಲ್ಲ. ಅದರಲ್ಲೂ ಸಮುದ್ರದ ಮೀನು. ತೊಟ್ಟಿ ತಂದವನು ಅವನು. ನೀರು ಅವಳ ಪಾಲಿಗೆ ಬಂತು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು, ನೀರು ನೋಡಿಕೊಳ್ಳುವುದು ಯಾವ ಮಹಾ ಕೆಲಸ ಎಂದಿದ್ದ.

ಅವಳು ನೋಡಿಕೊಂಡಿದ್ದಳು. ತೊಟ್ಟಿಯ ಕೆಳಗಿನ ಖಾನೆಯಲ್ಲಿ ನೀಲಿ ರಟ್ಟಿನ ನೋಟ್‌ಬುಕ್ಕಿತ್ತು. ಪ್ರತಿ ಭಾನುವಾರ, ಅವನು ಮಧ್ಯಾಹ್ನದ ನಿದ್ದೆ ಮಾಡುವ ಹೊತ್ತಿನಲ್ಲಿ, ತೊಟ್ಟಿಯ ನೀರನ್ನು ಗಾಜಿನ ಪುಟ್ಟ ಕೊಳವೆಗೆ ತುಂಬುವಳು. ಮೊದಲನೇ ಬಾಟಲಿಯಿಂದ ಹತ್ತು ಹನಿ, ಎರಡನೇ ಬಾಟಲಿಯಿಂದ ಹತ್ತು ಹನಿ. ಐದು ನಿಮಿಷ ಕಾದು ಬಣ್ಣ ನೋಡುವುದು. ಮೀನಿನ ಹೊಲಸೆಲ್ಲ ಕೊನೆಗೆ ನೈಟ್ರೇಟ್ ಎಂಬ ಲವಣವಾಗಿ ನೀರಿನಲ್ಲಿ ಉಳಿಯುತ್ತದೆ. ಅದು ಹೆಚ್ಚಿದ್ದಷ್ಟೂ ಕೊಳವೆ ಕೆಂಪಾಗಬೇಕು. ಅವಳ ಕೊಳವೆ ಯಾವತ್ತೂ ಹಳದಿ. ಹಳದಿ ಎಂದರೆ ಸೊನ್ನೆ. ಮುನ್ನೂರು ಭಾನುವಾರ, ಮುನ್ನೂರು ಸೊನ್ನೆ. ಒಂದರ ಕೆಳಗೊಂದು, ಮುತ್ತು ಪೋಣಿಸಿದ ಹಾಗೆ.

ಸೊನ್ನೆ ಬಂದ ಮೇಲೆ ನೀರು ಬದಲಾಯಿಸುವ ಗೋಜೇಕೆ? ವಾರಕ್ಕೊಂದು ಬಕೆಟ್ ಹೊಸ ಉಪ್ಪುನೀರು ಹಾಕುತ್ತಿದ್ದದ್ದು ತಿಂಗಳಿಗೊಂದಾಯಿತು, ಆಮೇಲೆ ವರ್ಷಕ್ಕೆ ಒಂದೋ ಎರಡೋ. ಉಳಿದ ದಿನ ಆರಿಹೋದಷ್ಟು ಸಿಹಿನೀರನ್ನು ಮೇಲಿನಿಂದ ತುಂಬಿದರೆ ಮುಗಿಯಿತು. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಮಟ್ಟ ಕಾಯ್ದುಕೊಂಡರೆ ಸಾಕು. ಮಟ್ಟ ಕಾಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಹಾಗಿದ್ದೂ ಈ ವರ್ಷ ತಂದ ಹೊಸ ಮೀನುಗಳು ಒಂದಾದಮೇಲೊಂದು ಸತ್ತವು. ನಿನ್ನೆ ಯಾವುದಕ್ಕೂ ಇರಲಿ ಎಂದು ಒಂದು ದೊಡ್ಡ ಬಕೆಟ್ ಹೊಸ ಉಪ್ಪುನೀರು ಕದಡಿ ಇಟ್ಟಿದ್ದಳು. ಅದು ತೊಟ್ಟಿಯ ಪಕ್ಕದಲ್ಲಿ ತಳ ಕಾಣುವಷ್ಟು ತಿಳಿಯಾಗಿ ನಿಂತಿತ್ತು.

ಗಂಡ ಎದ್ದು ಬಂದು ತೊಟ್ಟಿಯತ್ತ ನೋಡಿದ. ಹೋಯಿತಾ ಎಂದು ಕೇಳಿದ. ಹೋಯಿತು ಎಂದಳು.

"ಆ ಜಾತೀನೇ ಸೂಕ್ಷ್ಮ ಅನ್ಸುತ್ತೆ," ಎಂದ.

ಅವಳ ಕೈಯಲ್ಲಿದ್ದ ಟೀ ಕಪ್ಪು ಅಲ್ಲೇ ನಿಂತಿತು. ಎರಡು ತಿಂಗಳ ಹಿಂದೆ, ಸೂಕ್ಷ್ಮ ಎಂಬ ಇದೇ ಮಾತನ್ನು, ಇದೇ ಧಾಟಿಯಲ್ಲಿ, ಅವನು ಸೊಸೆಯ ಬಗ್ಗೆ ಹೇಳಿದ್ದ.

*

ಇವತ್ತು ಸಂಜೆ ಆರಕ್ಕೆ ಸೊಸೆ ಫೋನ್ ಮಾಡುವವಳಿದ್ದಳು.

ಮದುವೆಯಾಗಿ ಬಂದಾಗ ಆ ಹುಡುಗಿ ಮನೆಗೆ ಮೊದಲು ತಂದದ್ದು ಸದ್ದು. ಸ್ನಾನದ ಮನೆಯಲ್ಲಿ ಹಾಡು. ಫೋನಿನಲ್ಲಿ ಯಾರದೋ ಮಾತಿಗೆ ಹೊಟ್ಟೆ ಹಿಡಿದು ನಗು. ಪಾತ್ರೆ ಇಡುವುದೇ ಇಲ್ಲ, ಬೀಳಿಸುವುದು. ಮೊದಲ ವಾರ ಒಳಗಿನಿಂದ ಮೂರು ಸಲ 'ಸ್ವಲ್ಪ' ಬಂತು. ಎರಡನೇ ವಾರಕ್ಕೆ ಹಾಡು ಗುನುಗಾಯಿತು. ಮೂರನೆಯ ವಾರ ಸ್ನಾನದ ಮನೆಯಿಂದ ನೀರಿನ ಸದ್ದೂ ಕೇಳಲಿಲ್ಲ. ಹುಡುಗಿ ಕಲಿತುಕೊಂಡಳು ಎಂದು ಇವಳಿಗೆ ಒಳಗೊಳಗೇ ಸಮಾಧಾನ. ಆಮೇಲಾಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಬಾಲ್ಕನಿಯ ಕಂಬಿ ಹಿಡಿದು, ಮುಖ ಮೇಲೆತ್ತಿ, ಬಾಯಿ ತೆರೆದು ನಿಲ್ಲುತ್ತಿದ್ದಳು. ಸೆಕೆ ಇರಬೇಕು ಎಂದುಕೊಂಡಿದ್ದಳು ಇವಳು. ಫ್ಯಾನ್ ಜೋರು ಮಾಡಿಕೋ ಎಂದಿದ್ದಳು.

ನಲವತ್ತನೆಯ ದಿನ ಒಂದು ಬ್ಯಾಗು ಹೊತ್ತು ಬಾಗಿಲಲ್ಲಿ ನಿಂತು ಹುಡುಗಿ ಹೇಳಿದಳು: "ಇಲ್ಲಿ ಯಾರೂ ಏನೂ ತಪ್ಪು ಮಾಡಿಲ್ಲ ಅತ್ತೆ. ಯಾರಿಗಾದ್ರೂ ಹೇಳ್ಕೊಳ್ಳೋಣ ಅಂದ್ರೆ ನನಗೆ ಹೇಳೋಕೆ ಒಂದು ಮಾತೂ ಸಿಗ್ತಿಲ್ಲ."

ತವರಿಗೆ ಹೋದವಳು ಬರಲಿಲ್ಲ. ಅವಳ ತಾಯಿ ಫೋನ್ ಮಾಡಿ ನಡೆದದ್ದೇನು ಎಂದು ಕೇಳಿದಾಗ ಇವಳು, ನಮ್ಮ ಮನೆಯಲ್ಲಿ ಇವತ್ತಿನವರೆಗೆ ಒಂದು ಜೋರು ಮಾತು ಹುಟ್ಟಿಲ್ಲ ಎಂದಿದ್ದಳು. ಅದು ನಿಜವಾಗಿತ್ತು. ಕೆಲಸದ ಮೇಲೆ ಊರೂರು ಸುತ್ತುವ ಮಗ, ಅಮ್ಮಾ ನೀನೇ ಮಾತಾಡು, ನನ್ನ ಮಾತು ಅವಳು ಕೇಳ್ತಾ ಇಲ್ಲ ಎಂದು ಕೈ ಚೆಲ್ಲಿದ. ಹೋದ ವಾರ ಇವಳೇ ಮಾತಾಡಿದಳು. ಹುಡುಗಿ ಹೇಳಿದ್ದು ಇಷ್ಟು:

"ಶನಿವಾರ ಆರಕ್ಕೆ ಮಾಡ್ತೀನಿ. ನೀವು ಬಾ ಅಂದ್ರೆ ಬರ್ತೀನಿ, ಬೇಡ ಅಂದ್ರೆ ಇಲ್ಲ. ಬೇರೆ ಯಾರ ಮಾತೂ ಬೇಡ ನನಗೆ. ನೀವು ಸುಳ್ಳು ಹೇಳಲ್ಲ ಅತ್ತೆ."

ಬಾ ಎನ್ನುವುದೆಂದು ಇವಳು ಆಗಲೇ ತೀರ್ಮಾನಿಸಿದ್ದಳು. ಬೇಡ ಎನ್ನಲು ಕಾರಣವೇನಿತ್ತು? ವಾರವೆಲ್ಲ ಹುಡುಕಿದರೂ ಒಂದೂ ಸಿಕ್ಕಿರಲಿಲ್ಲ.

*

ಶನಿವಾರ ಕಾಲೇಜು ಅರ್ಧ ದಿನ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಒಂದು ಹುಡುಗಿ, ಏನೂ ಬರ್ಲಿಲ್ಲ ಮೇಡಂ, ಸೊನ್ನೆ ಎಂದು ಕೊಳವೆ ಎತ್ತಿ ತೋರಿಸಿದಳು. ಸೊನ್ನೆ ಬಂದರೆ ನಂಬಬಾರದು, ಮೊದಲಿಂದ ಮಾಡು ಎಂದು ಇವಳು ಹೇಳಿದಳು. ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತು, ಬಾಯಿಂದ ತಾನಾಗಿ ಬಂತು. ಹುಡುಗಿಗೆ ಕೇಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಕ್ಕಳು ತನ್ನನ್ನು ಮ್ಯೂಟ್ ಮೇಡಂ ಎಂದು ಕರೆಯುವುದು ಅವಳಿಗೆ ಗೊತ್ತಿತ್ತು. ಕ್ಲಾಸಿನಲ್ಲಿ ಕೂಗಾಡದ ಮೇಡಂ ಎಂದು ಅದನ್ನು ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದಳು.

ಹನ್ನೆರಡೂವರೆಗೆ ಮೀನಿನ ಅಂಗಡಿಗೆ ಹೋದಳು. ಜಾಮಿನ ಬಾಟಲಿಯಲ್ಲಿ ತೊಟ್ಟಿಯ ನೀರಿತ್ತು. ಅಂಗಡಿಯವಳು ದಪ್ಪ ತೋಳಿನ, ಗಟ್ಟಿ ಗಂಟಲಿನ ಹೆಂಗಸು. ಗೋಡೆಯುದ್ದಕ್ಕೂ ಗುಳುಗುಳು ಎನ್ನುವ ಗಾಜಿನ ಪೆಟ್ಟಿಗೆಗಳ ನಡುವೆ ಅವಳಿಗೆ ಕೂಗಿಯೇ ಮಾತಾಡಿ ಅಭ್ಯಾಸ. ಇದೂ ಹೋಯ್ತಾ ಎಂದು ಹುಬ್ಬು ಹಾರಿಸಿದಳು. ಮೂರು ಮೀನಿಗೂ ನನ್ನ ಅಂಗಡಿಯ ಮೇಲೇ ಗುಮಾನಿ ತಾನೇ, ನೀರು ಕೊಡಿ ನೋಡೋಣ ಎಂದಳು.

ನೀರಿನಲ್ಲಿ ಏನೂ ಇಲ್ಲ, ಸೊನ್ನೆ ಇದೆ ಎಂದು ಇವಳು ವಿವರಿಸಿದಳು. ಅಂಗಡಿಯವಳು ಕಿವಿಗೆ ಕೈ ಹಚ್ಚಿ ಬಾಗಿದಳು. ಇನ್ನೊಮ್ಮೆ ಹೇಳಬೇಕಾಯಿತು.

"ಆರು ವರ್ಷದಿಂದ ಸೊನ್ನೆನಾ? ನಿಮ್ಮನೇ ಮೀನು ಉಚ್ಚೆ ಹೊಯ್ಯಲ್ವಾ ಮೇಡಂ?"

ಇವಳು ಜಾಮಿನ ಬಾಟಲಿ ಮುಂದಿಟ್ಟಳು. ಅಂಗಡಿಯವಳು ತೆಗೆದದ್ದು ಇವಳ ಮನೆಯಲ್ಲಿರುವಂಥದೇ ಪೆಟ್ಟಿಗೆ, ಅಂಥವೇ ಎರಡು ಬಾಟಲಿಗಳು. ಮೊದಲನೆಯದರಿಂದ ಹತ್ತು ಹನಿ ಬಿದ್ದವು. ಆಮೇಲೆ ಅಂಗಡಿಯವಳು ಎರಡನೇ ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೌಂಟರಿನ ಹಲಗೆಗೆ ಫಟ್ ಫಟ್ ಎಂದು ನಾಲ್ಕು ಸಲ ಕುಟ್ಟಿದಳು. ಕುಟ್ಟಿ, ತೋಳನ್ನೇ ಬೀಸಿ ಬೀಸಿ ಅಲ್ಲಾಡಿಸತೊಡಗಿದಳು. ಬಳೆಗಳು ಝಣಝಣ ಎಂದವು. ಬಾಟಲಿಯೊಳಗಿಂದ ಕಚಪಚ ಸದ್ದು. ಇವಳಿಗೆ ತಡೆಯದೆ ಬೆನ್ನ ಹಿಂದೆ ತಿರುಗಿ ನೋಡುವಂತಾಯಿತು. ಯಾರೂ ಇರಲಿಲ್ಲ.

"ಅಷ್ಟು ಜೋರಾಗಿ ಯಾಕೆ?" ಎಂದಳು.

"ಮತ್ತೆ? ಇದರ ಪುಡಿ ತಳಕ್ಕೆ ಕೂತ್ಕೊಂಬಿಡುತ್ತೆ. ಮೂವತ್ತು ಸೆಕೆಂಡು ಜಾಡಿಸಿ ಜಾಡಿಸಿ ಎಬ್ಬಿಸ್ಬೇಕು. ಇಲ್ದಿದ್ರೆ ಚರಂಡಿ ನೀರು ಹಾಕಿದ್ರೂ ಹಳದೀನೇ ತೋರಿಸೋದು." ಅಂಗಡಿಯವಳು ಹನಿ ಹಾಕುತ್ತ ಇವಳ ಮುಖ ನೋಡಿದಳು. "ನೀವು ಹೆಂಗೆ ಮಾಡ್ತಿದ್ರಿ?"

ಇವಳು ಕೈಯಲ್ಲಿ ತೋರಿಸಿದಳು. ಗಾಳಿಯಲ್ಲಿ ಇಲ್ಲದ ಬಾಟಲಿಯನ್ನು ಒಮ್ಮೆ ಮೆಲ್ಲಗೆ ಮಗುಚಿ, ಮೆಲ್ಲಗೆ ನೆಟ್ಟಗೆ ಮಾಡಿದಳು.

"ಅಯ್ಯೋ, ಔಷಧಿಗೆ ಲಾಲಿ ಹಾಡ್ತಿದ್ರಾ?"

ಅಂಗಡಿಯವಳ ನಗು ಗಾಜುಗಳಿಗೆಲ್ಲ ತಾಗಿ ಬಂತು. ಕೊಳವೆಯಲ್ಲಿ ಹಳದಿ ಒಂದು ಕ್ಷಣ ನಿಂತಿತು, ಕಿತ್ತಳೆಗೆ ತಿರುಗಿತು, ಹಾಗೇ ಕೆಂಪಾಯಿತು. ಐದು ನಿಮಿಷ ಕಾಯುವ ಅಗತ್ಯ ಬೀಳಲಿಲ್ಲ. ಬಣ್ಣದ ಪಟ್ಟಿಯ ಕೊನೆಯ ಮನೆಯ ಕೆಂಪಿಗಿಂತಲೂ ಕಡುವಾಗಿ, ಗಾಯದಿಂದ ಆಗತಾನೆ ತುಂಬಿಸಿಕೊಂಡ ಹಾಗೆ ಇತ್ತು ಅದು.

ಅಂಗಡಿಯವಳ ನಗು ನಿಂತಿತು.

ಅವಳು ಆಮೇಲೆ ಹೇಳಿದ್ದೆಲ್ಲ ಇವಳ ಕಿವಿಗೆ ದೂರದಿಂದ ಬಿತ್ತು. ಹೊಸ ಮೀನು ಸಾಯದೆ ಇನ್ನೇನು ಮಾಡೀತು. ಒಳ್ಳೆಯ ನೀರಿನಿಂದ ಬಂದು ಇದಕ್ಕೆ ಬಿದ್ದರೆ ಎರಡು ದಿನವೇ ಹೆಚ್ಚು. ಹಾಗಾದರೆ ಹಳೆಯದು ಹೇಗೆ ಬದುಕಿದೆ ಎಂದು ಕೇಳಿದಳು. ಅದು ಬೇರೆ ಕಥೆ ಎಂದಳು ಅಂಗಡಿಯವಳು. ನೀರು ಕೆಟ್ಟದ್ದು ಒಂದೇ ದಿನಕ್ಕಲ್ಲವಲ್ಲ. ದಿನಕ್ಕಿಷ್ಟು ಕೆಡುತ್ತ ಬಂತು, ದಿನಕ್ಕಿಷ್ಟು ಅದೂ ಒಗ್ಗುತ್ತ ಬಂತು. ಈಗ ಅದಕ್ಕೆ ಅದೇ ನೀರು.

"ಒಂದು ಮಾತು ನೆನಪಿಟ್ಕೊಳ್ಳಿ ಮೇಡಂ. ಹೆದರಿಕೊಂಡು ಒಂದೇ ಸಲಕ್ಕೆ ಎಲ್ಲಾ ನೀರು ಬದಲಾಯಿಸೋಕೆ ಹೋಗ್ಬೇಡಿ. ವಾರಕ್ಕೆ ಹತ್ತರಲ್ಲಿ ಒಂದು ಪಾಲು. ಕೆಟ್ಟ ನೀರಿಗೆ ಬಿದ್ದ ಹೊಸದು ಹೆಂಗೆ ಸಾಯುತ್ತೋ, ಒಳ್ಳೆ ನೀರಿಗೆ ಬಿದ್ದ ಹಳೇದೂ ಹಂಗೇ ಸಾಯುತ್ತೆ."

*

ಮನೆಗೆ ಬಂದು ಊಟ ಬಡಿಸಿ, ಪಾತ್ರೆ ಎತ್ತಿಟ್ಟು, ಗಂಡ ಮಲಗಲು ಹೋದ ಮೇಲೆ ಪರೀಕ್ಷೆಯ ಪೆಟ್ಟಿಗೆ ತೆಗೆದಳು. ಅಂಗಡಿಯವಳ ಬಾಟಲಿಯಲ್ಲೇ ದೋಷವಿರಬಹುದು. ಸೂಚನೆಗಳ ಕಾಗದದಲ್ಲಿ ಹಾಗೇನೂ ಇರಲಿಕ್ಕಿಲ್ಲ. ಓದಿದವಳು ತಾನು, ಇದ್ದಿದ್ದರೆ ಕಾಣದೆ ಹೋಗುತ್ತಿತ್ತೇ?

ಕಾಗದ ಪೆಟ್ಟಿಗೆಯ ತಳದಲ್ಲಿ ನಾಲ್ಕು ಮಡಿಕೆಯಾಗಿ ಅಂಟಿಕೊಂಡಿತ್ತು. ಬಿಡಿಸಿದಳು. ನಾಲ್ಕನೆಯ ಸೂಚನೆ: ಎರಡನೇ ಬಾಟಲಿಯನ್ನು ಮೂವತ್ತು ಸೆಕೆಂಡು ಜೋರಾಗಿ ಅಲ್ಲಾಡಿಸಿ. ಅದರ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ. ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ: ಮುಖ್ಯ.

ಅಕ್ಷರ ಅವಳದೇ.

ಮಕ್ಕಳ ಉತ್ತರಪತ್ರಿಕೆಯಲ್ಲಿ ನಕಲು ಹೊಡೆದ ಸಾಲು ಪತ್ತೆ ಹಚ್ಚುವವಳ ಹಾಗೆ ಆ ಎರಡು ಅಕ್ಷರಗಳನ್ನು ನೋಡಿದಳು. 'ಖ್ಯ'ದ ಬಾಲ ಹೀಗೆ ಎಳೆಯುವವರು ಬೇರೆ ಯಾರೂ ಇಲ್ಲ.

ಆಗ ಒಂದು ಭಾನುವಾರ ನೆನಪಾಯಿತು, ಆರು ವರ್ಷ ಹಿಂದಿನದು, ಮೊದಲನೆಯದು. ಅವಳು ಬಾಟಲಿಯನ್ನು ಜೋರಾಗಿ ಅಲ್ಲಾಡಿಸುತ್ತಿದ್ದಳು. ಬಾಯಿಯಲ್ಲಿ ಎಣಿಸುತ್ತಲೂ ಇದ್ದಳು. ಹನ್ನೊಂದೋ ಹನ್ನೆರಡೋ ಆಗಿತ್ತು. ಕೋಣೆಯ ಬಾಗಿಲಲ್ಲಿ ಅವನು ಬಂದು ನಿಂತಿದ್ದ. ಸಿಟ್ಟಿರಲಿಲ್ಲ. ನಿದ್ದೆಗಣ್ಣಿತ್ತು ಅಷ್ಟೆ.

"ಏನದು ಸದ್ದು?" ಎಂದು ಕೇಳಿದ್ದ.

ಏನಿಲ್ಲ ಎಂದಿದ್ದಳು. ಅದಾದ ಮೇಲಿನ ಭಾನುವಾರದಿಂದ ಬಾಟಲಿ ಮೆಲ್ಲಗೆ ಮಗುಚಿಕೊಂಡಿತು. ಯಾರೂ ಹೇಳಿರಲಿಲ್ಲ. ಅವಳಾಗಿಯೇ. ಮರೆತೆನೆಂದರೆ ಸರಿಹೋಗುವುದಿಲ್ಲ, ಮರೆತದ್ದೂ ಮರೆತುಹೋಗಿ, ಮೆಲ್ಲಗೆ ಮಗುಚುವುದೇ ವಿಧಾನವಾಗಿ, ಹಾಗೆ ಮಗುಚುವ ತನ್ನ ಕೈಯ ನಾಜೂಕಿನ ಮೇಲೆ ಅವಳಿಗೆ ಅಭಿಮಾನ ಕೂಡ ಬಂದಿತ್ತು.

ಇನ್ನೊಮ್ಮೆ ಪರೀಕ್ಷೆ ಮಾಡದೆ ವಿಧಿಯಿರಲಿಲ್ಲ. ಬಾಟಲಿಯನ್ನು ಸ್ನಾನದ ಮನೆಗೆ ಒಯ್ದು, ಬಾಗಿಲು ಹಾಕಿ, ದಪ್ಪ ಟವೆಲಿನಲ್ಲಿ ಎರಡು ಸುತ್ತು ಸುತ್ತಿ ಎದೆಗೆ ಅವಚಿಕೊಂಡು ಅಲ್ಲಾಡಿಸಿದಳು. ಮೂವತ್ತು ಎಣಿಸಿದಳು. ಕನ್ನಡಿಯಲ್ಲಿ ಒಬ್ಬ ಹೆಂಗಸು ಏನನ್ನೋ ಉಸಿರುಗಟ್ಟಿಸಿ ಕೊಲ್ಲುತ್ತಿದ್ದಂತೆ ಕಂಡಳು.

ಕೆಂಪು. ಸಂದೇಹವಿರಲಿಲ್ಲ.

ಕಮೋಡಿನ ಮುಚ್ಚಳದ ಮೇಲೆ ಕೂತು ಮುನ್ನೂರು ಸೊನ್ನೆಗಳ ನೋಟ್‌ಬುಕ್ ತೆರೆದಳು. ಸುಳ್ಳು ಬರೆದಿರಲಿಲ್ಲ. ಕಂಡದ್ದನ್ನೇ ಬರೆದಿದ್ದಳು. ಮೀನಿಗೂ ಮನುಷ್ಯರಿಗೂ ಹೋಲಿಕೆ ಹಚ್ಚುವುದು ಬುದ್ಧಿಯಿಲ್ಲದವರ ಕೆಲಸ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಬಾಲ್ಕನಿಯ ಕಂಬಿ, ಮೇಲೆತ್ತಿದ ಮುಖ, ತೆರೆದ ಬಾಯಿ ಕಣ್ಣೆದುರಿನಿಂದ ಹೋಗಲಿಲ್ಲ. ಫ್ಯಾನ್ ಜೋರು ಮಾಡಿಕೋ ಎಂದಿದ್ದಳು ತಾನು. ಆರು ಗಂಟೆಗೆ ಬಾ ಎನ್ನಲು ಸಿದ್ಧಳಾಗಿದ್ದವಳೂ ತಾನೇ.

ಬೇಡ ಎಂದರೆ? ಯಾಕೆ ಎಂದು ಮಗ ಕೇಳುತ್ತಾನೆ. ಗಂಡ ಕೇಳುವುದಿಲ್ಲ, ನೋಡುತ್ತಾನೆ. ಇಪ್ಪತ್ತಾರು ವರ್ಷ ಇದೇ ನೀರು ಕುಡಿದವಳು ನೀನು ಚೆನ್ನಾಗೇ ಇದ್ದೀಯಲ್ಲ ಎಂದರೆ ಏನು ಹೇಳುವುದು? ಚೆನ್ನಾಗಿಲ್ಲ ಎನ್ನಲು ಅವಳ ಹತ್ತಿರವೂ ಒಂದು ಮಾತಿರಲಿಲ್ಲ.

*

ನಾಲ್ಕೂವರೆಗೆ ಗಂಡ ಎದ್ದು ಪುಸ್ತಕ ಹಿಡಿದು ಕೂತಿದ್ದ. ಅವಳು ಕೊಳವೆ ತಂದು ಅವನೆದುರು ಹಿಡಿದಳು.

"ನೀರು ಕೆಟ್ಟಿದೆ ರೀ. ಆರು ವರ್ಷದಿಂದಲೂ."

ಅವನು ಕನ್ನಡಕ ಏರಿಸಿ ನೋಡಿದ. ಬಣ್ಣ ಚೆನ್ನಾಗಿದೆ ಎನ್ನುವವನ ಹಾಗಿತ್ತು ಮುಖ.

"ಆದ್ರೆ ಮೀನು ಆರಾಮಾಗೇ ಇದೆಯಲ್ಲ."

"ಒಗ್ಗಿದೆ."

"ಒಗ್ಗಿದ್ಮೇಲೆ ತೊಂದರೆ ಏನು?"

ಅವಳು ಕೊಳವೆಯನ್ನು ಕೆಳಗಿಳಿಸಿದಳು. ಅವನು ಹೃದಯವಿಲ್ಲದವನೇನಲ್ಲ. ಪುಸ್ತಕ ಮಡಿಸಿ, ಪಾಪ ಎಂದ. ಹೊಸ ನೀರು ಬಕೆಟ್ಟಿನಲ್ಲಿ ಇದೆಯಲ್ಲ, ಅದು ಒಳ್ಳೆಯದು ತಾನೇ ಎಂದು ಕೇಳಿದ.

"ಅದು ಒಳ್ಳೇದು. ಆದ್ರೆ ಒಂದೇ ಸಲಕ್ಕೆ ಹಾಕಿದ್ರೆ ಹಳೇದು ತಡ್ಕೊಳ್ಳಲ್ಲ…"

ಮಾತಿನ ಮೊದಲ ತುಂಡು, ಅದು ಒಳ್ಳೇದು ಎಂಬಷ್ಟು, ಹೊರಗೆ ಬಂತು. ಉಳಿದದ್ದನ್ನು ಅವಳು ಹೇಳಿದ್ದು ಹೌದು. ಆದರೆ ಈ ಮನೆಯಲ್ಲಿ ಮಾತುಗಳು ತುದಿಗೆ ಹೋಗುತ್ತ ಹೋಗುತ್ತ ಸವೆಯುತ್ತವೆ. ಕೊನೆಯ ಪದಗಳನ್ನು ತುಟಿ ಆಡಿಸಿ ಮುಗಿಸುವುದೇ ರೂಢಿ. ಗಂಡ ತಲೆಯಾಡಿಸಿದ. ಕಿವಿ ಕೇಳದವರ ಮನಸ್ಸು ನೋಯಬಾರದೆಂದು ಮಾತು ತಿಳಿಯದಿದ್ದರೂ ತಲೆಯಾಡಿಸುವ ಅಭ್ಯಾಸ ಅವನಿಗಿತ್ತು.

ಸೊಸೆ ಫೋನ್ ಮಾಡುವ ವಿಷಯ ಎತ್ತಿದಳು. ಬಾ ಅನ್ನು, ಅವಳ ಕೋಣೆ ಹಾಗೇ ಇದೆ ಎಂದ. ಪುಸ್ತಕ ಮತ್ತೆ ಬಿಡಿಸುತ್ತ, ಅವಳಿಗೂ ಒಗ್ಗುತ್ತದೆ ಎಂದ.

ಆರಕ್ಕೆ ಹತ್ತು ನಿಮಿಷವಿರುವಾಗ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಳು. ಅಲ್ಲಿ ನಿಂತರೆ ಬೀದಿಯ ಸದ್ದೆಲ್ಲ ಮೇಲೆ ಬರುತ್ತದೆ. ಯಾರೋ ಯಾರನ್ನೋ ಕೂಗುತ್ತಿದ್ದರು. ಎಲ್ಲೋ ಬಾಗಿಲು ಧಡಾರೆಂದಿತು. ಗಾಡಿಯೊಂದು ಕೆಮ್ಮಿ ಕೆಮ್ಮಿ ಶುರುವಾಯಿತು. ಅವಳು ಒಂದು ದಿಂಬಿನ ಚೀಲ ಮಡಿಸುತ್ತ, ಬೇಡ ಎಂದು ಹೇಳಿ ನೋಡಿದಳು. ಗಾಳಿಗೆ. ಕೇಳಿಸಲಿಲ್ಲ. ಇನ್ನೊಮ್ಮೆ, ಗಂಟಲಿನಿಂದ, "ಬೇಡ" ಎಂದಳು. ಪಕ್ಕದ ತಾರಸಿಯ ಮುದುಕ ತಿರುಗಿ ನೋಡಿದ. ಅದು ಯಾರ ದನಿಯೋ ಏನೋ, ಎಲ್ಲೋ ಕೇಳಿದ ಹಾಗಿತ್ತು.

ಆಗಬಹುದು, ಹೇಳಬಹುದು ಎನ್ನಿಸಿತು.

ಬಟ್ಟೆಯ ರಾಶಿಯ ಮೇಲಿಟ್ಟಿದ್ದ ಫೋನು ನಡುಗಿತು. ಕತ್ತು ವಾರೆ ಮಾಡಿ ಭುಜಕ್ಕೆ ಒತ್ತಿಕೊಂಡು, ಬಟ್ಟೆಯನ್ನು ಎರಡೂ ತೋಳಲ್ಲಿ ಹೊತ್ತು ಮೆಟ್ಟಿಲಿಳಿಯತೊಡಗಿದಳು. ಹುಡುಗಿ ಚೆನ್ನಾಗಿದ್ದೀರಾ ಎಂದಳು. ದನಿ ಮೊದಲಿನಂತೆ ಜೋರಾಗಿತ್ತು; ಎರಡು ತಿಂಗಳಲ್ಲಿ ಅಷ್ಟು ಚೇತರಿಸಿಕೊಂಡಿದ್ದಳು. ಹಿಂದೆ ಯಾರೋ ಪಾತ್ರೆ ಬೀಳಿಸಿ ನಕ್ಕರು. ಮೆಟ್ಟಿಲ ಕೊನೆಯಲ್ಲಿ ಅವಳು ಬಾಯಿ ತೆರೆದಳು. ಇನ್ನೇನು ಹೇಳಬೇಕು.

ನಡುಮನೆಯಿಂದ ಟಪ್ ಎಂದಿತು.

ಮತ್ತೆ ಟಪ್ ಟಪ್. ಒದ್ದೆ ಬಟ್ಟೆ ಗೋಡೆಗೆ ಬಡಿದ ಹಾಗೆ.

ಗಂಡ ಕೈ ಒರೆಸಿಕೊಳ್ಳುತ್ತ ತನ್ನ ಕೋಣೆಯ ಕಡೆಗೆ ಹೊರಟಿದ್ದ. ಅವಳನ್ನು ಕಂಡು ಮುಖ ಅರಳಿತು. ಬಹಳ ದಿನದ ಮೇಲೆ ಅವಳಿಗೊಂದು ಉಪಕಾರ ಮಾಡಿದ ಸಂತೋಷ. ಫೋನಿನಲ್ಲಿದ್ದಾಳೆಂದು ದನಿ ತಗ್ಗಿಸಿ, "ಒಳ್ಳೇ ನೀರಿಗೆ ಬಿಟ್ಟಿದೀನಿ, ನೋಡು," ಎಂದ. ಒಳಗೆ ಹೋದ.

ತೊಟ್ಟಿಯಲ್ಲಿ ಹಳೆಯ ನೀರಷ್ಟೇ ಉಳಿದಿತ್ತು, ಮೀನಿರಲಿಲ್ಲ. ಬಕೆಟ್ಟಿನ ನೀರು ಬೆಳಿಗ್ಗೆಯಷ್ಟೇ ತಿಳಿ. ಆ ತಿಳಿಯಲ್ಲಿ ಹಳೆಯ ಮೀನು ಮಗ್ಗುಲಾಗಿ ಬಿದ್ದು, ಬಾಲವನ್ನು ಬಕೆಟ್ಟಿನ ಗೋಡೆಗೆ ಬಡಿಯುತ್ತಿತ್ತು. ಆರು ವರ್ಷದಲ್ಲಿ ಅದು ಒಂದು ಸದ್ದು ಮಾಡಿರಲಿಲ್ಲ.

"ಅತ್ತೆ? ಬರಲಾ? ಒಂದು ಮಾತು ಹೇಳಿ."

ಟಪ್.

"ಸ್ವಲ್ಪ," ಎಂದಿತು ಕೋಣೆ.

ಅವಳು ಬಟ್ಟೆಯನ್ನು ಕೆಳಗೆ ಬಿಟ್ಟು ಮೊಣಕಾಲೂರಿ ಕೈ ಇಳಿಸಿದಳು. ನೀರು ತಣ್ಣಗಿತ್ತು. ಮೀನನ್ನು ಅಂಗೈಗೆ ಎತ್ತಿಕೊಂಡು ನಿಂತಳು. ಎಡಕ್ಕೆ ತೊಟ್ಟಿ, ಬಲಕ್ಕೆ ಬಕೆಟ್ಟು. ಅದರ ಬಾಯಿ ತೆರೆದು ಮುಚ್ಚಿ ತೆರೆಯುತ್ತಿತ್ತು, ಕಿವಿರು ಬೆರಳಿಗೆ ಬಡಿಯುತ್ತಿತ್ತು.

"ಅತ್ತೆ, ಏನದು ಸದ್ದು?" ಎಂದು ಹುಡುಗಿ ಕೇಳಿದಳು.

ಬೆರಳ ಸಂದಿಯಿಂದ ಉಪ್ಪುನೀರು ನೆಲಕ್ಕೆ ತೊಟ್ಟಿಕ್ಕತೊಡಗಿತು. ಒಂದು ಹನಿ. ಇನ್ನೊಂದು. ಅವಳಿಗೇ ತಿಳಿಯದಂತೆ ಅವಳ ಬರಿಪಾದ ಮೆಲ್ಲಗೆ ಮುಂದೆ ಸರಿದು, ಹನಿಗಳು ಸದ್ದಾಗದೆ ಬೀಳಲೆಂದು ಅವುಗಳ ಕೆಳಗೆ ಹೋಗಿ ನಿಂತಿತು.